ಕ್ಲೌಡ್ ಕಂಪ್ಯೂಟಿಂಗ್: ತಂತ್ರಾಂಶ ಬಾಡಿಗೆಗೆ, ಲೆಕ್ಕದ ಹೊಣೆ ವರ್ತಕರಿಗೆ

ವ್ಯಾಪಾರದಲ್ಲಿ ಲೆಕ್ಕಪತ್ರಗಳ ಸ್ಥಾನವೇನು ಎಂಬುದನ್ನು ವರ್ತಕ ಬಾಂಧವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ದೀಪಾವಳಿಯ ಅಂಗಡಿಪೂಜೆಯಂದು ತಕ್ಕಡಿಯ ಪಕ್ಕದಲ್ಲಿ ಕಿರ್ದಿ, ಖಾತೆ ಪುಸ್ತಕಗಳನ್ನಿಟ್ಟು ಅರಿಶಿನ ಕುಂಕುಮ ಏರಿಸುವ ಪದ್ಧತಿ ಮಲೆನಾಡಿನಲ್ಲಿ ಬಹು ಹಿಂದಿನಿಂದ ನಡೆದುಬಂದಿದೆ. ಕಳೆದ ಎರಡು ಮೂರು ದಶಕಗಳಲ್ಲಿ ಆ ಪುಸ್ತಕಗಳ ಜಾಗದಲ್ಲಿ ಗಣಕಯಂತ್ರ ಬಂದು ಕುಳಿತಿತು. ಈಗ ಲೆಕ್ಕವು ಆ ಗಣಕಯಂತ್ರವನ್ನೂ ಬಿಟ್ಟು ಹೊರಗೆ ಸಾಗುತ್ತಿದೆ. ಸಾಗರದ ಅಡಿಕೆ ಮಂಡಿಯ ಖಾತೆ, ತೀರ್ಥಹಳ್ಳಿಯ ಅಕ್ಕಿ ಗಿರಣಿಯ ದಾಸ್ತಾನು ವಿವರ, ಹೊಸನಗರದ ಗೊಬ್ಬರದ ಅಂಗಡಿಯ ಉದ್ದರಿ ಪಟ್ಟಿ ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ಇರುವ, ಮಾಲೀಕನು ಎಂದೂ ಕಾಣದ ಯಂತ್ರವೊಂದರಲ್ಲಿ ಶೇಖರವಾಗಿರಬಹುದು. ಈ ವ್ಯವಸ್ಥೆಗೆ ಕ್ಲೌಡ್ ಕಂಪ್ಯೂಟಿಂಗ್ ಎಂದು ಹೆಸರು.

ಇದರಿಂದ ವ್ಯಾಪಾರಕ್ಕೆ ಆಗುವ ಅನುಕೂಲವೇನು, ವೆಚ್ಚವೇನು, ಕಾನೂನು ಏನು ಹೇಳುತ್ತದೆ ಮತ್ತು ಒಪ್ಪಂದಕ್ಕೆ ಮುನ್ನ ಯಾವ ಎಚ್ಚರ ಅಗತ್ಯ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕ್ಲೌಡ್ ಎಂದರೇನು?

ಹಿಂದೆ ಅಕ್ಕಿ ಗಿರಣಿಯನ್ನು ನಡೆಸುವವನು ತನ್ನದೇ ಎಣ್ಣೆ ಎಂಜಿನ್ ಇಟ್ಟುಕೊಳ್ಳಬೇಕಾಗಿತ್ತು. ಎಂಜಿನ್ ಕೊಳ್ಳುವುದು, ಎಣ್ಣೆ ತರಿಸುವುದು, ಕೆಟ್ಟರೆ ಮೇಸ್ತ್ರಿಯನ್ನು ಕರೆಸುವುದು ಎಲ್ಲವೂ ಅವನ ಪಾಲಿನ ಕೆಲಸ. ವಿದ್ಯುತ್ ಬಂದ ಮೇಲೆ ಈ ತಾಪತ್ರಯ ತಪ್ಪಿತು. ಶರಾವತಿಯ ನೀರು ಎಲ್ಲಿ ಯಾವ ಯಂತ್ರವನ್ನು ತಿರುಗಿಸುತ್ತದೆ ಎಂಬುದು ಗಿರಣಿಯವನಿಗೆ ತಿಳಿಯಬೇಕಾಗಿಲ್ಲ. ಮೀಟರ್ ತೋರಿಸಿದಷ್ಟಕ್ಕೆ ಹಣ ಕಟ್ಟಿದರೆ ಸಾಕು.

ಗಣಕಯಂತ್ರದ ವಿಷಯದಲ್ಲಿ ಆಗಿರುವ ಬದಲಾವಣೆಯೂ ಇದೇ ಬಗೆಯದು. ಯಂತ್ರ, ಶೇಖರಣಾ ಸ್ಥಳ ಮತ್ತು ತಂತ್ರಾಂಶಗಳನ್ನು ಸ್ವಂತಕ್ಕೆ ಕೊಳ್ಳದೆ, ದೂರದಲ್ಲಿ ದೊಡ್ಡ ಪ್ರಮಾಣದಲ್ಲಿ ಸ್ಥಾಪಿಸಿರುವ ಕೇಂದ್ರಗಳಿಂದ ಅಂತರಜಾಲದ ಮೂಲಕ ಬೇಕಾದಷ್ಟನ್ನು ಬಳಸಿ, ಬಳಸಿದ್ದಕ್ಕೆ ಬಾಡಿಗೆ ಕೊಡುವುದೇ ಕ್ಲೌಡ್ ಕಂಪ್ಯೂಟಿಂಗ್. ಹೆಸರಿನಲ್ಲಿ ಮೋಡವಿದ್ದರೂ ಆಕಾಶದಲ್ಲಿ ಏನೂ ಇಲ್ಲ. ಎಲ್ಲವೂ ನೆಲದ ಮೇಲಿನ ಕಟ್ಟಡಗಳಲ್ಲಿ, ವಿದ್ಯುತ್ತಿನಿಂದ ನಡೆಯುವ, ಬಿಸಿಯಾಗುವ, ಕೆಡುವ ಯಂತ್ರಗಳಲ್ಲಿಯೇ ಇರುತ್ತದೆ.

ಅಮೆರಿಕದ ಸೇಲ್ಸ್‌ಫೋರ್ಸ್ ಸಂಸ್ಥೆ 1999ರಲ್ಲಿ ಆರಂಭವಾಗಿ ವ್ಯಾಪಾರಿ ತಂತ್ರಾಂಶವನ್ನು ಅಂತರಜಾಲದ ಮೂಲಕ ಚಂದಾ ಆಧಾರದಲ್ಲಿ ಒದಗಿಸತೊಡಗಿತು. 2006ರಲ್ಲಿ ಅಮೆಜಾನ್ ಸಂಸ್ಥೆ ತನ್ನ ಶೇಖರಣಾ ಸ್ಥಳವನ್ನೂ ಗಣಕ ಸಾಮರ್ಥ್ಯವನ್ನೂ ಬಾಡಿಗೆಗೆ ಬಿಟ್ಟಿತು. ಆನಂತರ ಮೈಕ್ರೋಸಾಫ್ಟ್ ಮತ್ತು ಗೂಗಲ್ ಈ ಕ್ಷೇತ್ರಕ್ಕೆ ಬಂದವು. ಭಾರತದ ನೆಲದಲ್ಲಿ ಮೈಕ್ರೋಸಾಫ್ಟ್ 2015ರಲ್ಲಿ, ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ತಮ್ಮ ಕ್ಲೌಡ್ ಕೇಂದ್ರಗಳನ್ನು ತೆರೆದವು.

ಈ ಸೇವೆಯಲ್ಲಿ ಮೂರು ಬಗೆಗಳನ್ನು ಗುರುತಿಸುತ್ತಾರೆ. ಮೊದಲನೆಯದು ಬರಿಯ ಗಣಕ ಸಾಮರ್ಥ್ಯದ ಬಾಡಿಗೆ. ಇದು ಖಾಲಿ ಗೋದಾಮನ್ನು ಬಾಡಿಗೆಗೆ ಪಡೆದಂತೆ. ಎರಡನೆಯದು ತಂತ್ರಾಂಶ ತಯಾರಿಸುವವರಿಗೆ ಬೇಕಾದ ಸಲಕರಣೆಗಳ ಸಮೇತ ಬಾಡಿಗೆ. ಇದು ಕಪಾಟು, ತಕ್ಕಡಿಗಳಿರುವ ಮಳಿಗೆಯಂತೆ. ಮೂರನೆಯದು ಸಿದ್ಧ ತಂತ್ರಾಂಶದ ಬಾಡಿಗೆ. ಇದರಲ್ಲಿ ಬಾಗಿಲು ತೆಗೆದು ವ್ಯಾಪಾರ ಆರಂಭಿಸುವುದಷ್ಟೇ ಉಳಿದಿರುತ್ತದೆ. ಸಣ್ಣ ವರ್ತಕರಿಗೂ ಕೈಗಾರಿಕೆಯವರಿಗೂ ಸಾಮಾನ್ಯವಾಗಿ ಸಂಬಂಧಪಡುವುದು ಈ ಮೂರನೆಯ ಬಗೆ ಮಾತ್ರ.

ಕಿರ್ದಿಯಿಂದ ಟ್ಯಾಲಿಯವರೆಗೆ

ಭಾರತದ ವರ್ತಕರ ಲೆಕ್ಕಕ್ಕೆ ಗಣಕಯಂತ್ರವನ್ನು ಹತ್ತಿರ ತಂದ ಟ್ಯಾಲಿ ತಂತ್ರಾಂಶ ಹುಟ್ಟಿದ್ದು ವರ್ತಕನ ಅಗತ್ಯದಿಂದಲೇ. ಕಾರ್ಖಾನೆ ಮತ್ತು ಬಟ್ಟೆ ಗಿರಣಿಗಳಿಗೆ ಸರಕು ಪೂರೈಸುತ್ತಿದ್ದ ಶ್ಯಾಮಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯವಹಾರದ ಲೆಕ್ಕಕ್ಕೆ ಹೊಂದುವ ತಂತ್ರಾಂಶ ಸಿಗಲಿಲ್ಲ. ಗಣಿತ ಪದವೀಧರರಾದ ಅವರ ಪುತ್ರ ಭರತ್ ಗೋಯೆಂಕಾ ಅದನ್ನು ರೂಪಿಸಿದರು. 1986ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಸಂಸ್ಥೆಯ ತಂತ್ರಾಂಶ ತಾಲ್ಲೂಕು ಕೇಂದ್ರದ ಅಂಗಡಿಗಳವರೆಗೂ ತಲುಪಿತು. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಗೌರವ ಸಂದಿತು.

ಆ ಕಾಲದ ವ್ಯವಸ್ಥೆಯಲ್ಲಿ ತಂತ್ರಾಂಶವು ಒಂದು ವಸ್ತುವಾಗಿತ್ತು. ಹಣ ಕೊಟ್ಟು ಸಿ.ಡಿ. ಕೊಂಡು ಒಂದು ಗಣಕಯಂತ್ರಕ್ಕೆ ಅಳವಡಿಸಿದರೆ ಅದು ಮಾಲೀಕನದಾಗುತ್ತಿತ್ತು. ತೆರಿಗೆ ನಿಯಮ ಬದಲಾದಾಗ ಹೊಸ ಆವೃತ್ತಿ ಹಾಕಿಸಲು ತಂತ್ರಜ್ಞನು ಶಿವಮೊಗ್ಗದಿಂದ ಬರಬೇಕಾಗುತ್ತಿತ್ತು. ವರ್ಷಾಂತ್ಯದಲ್ಲಿ ಲೆಕ್ಕದ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಗುಮಾಸ್ತನು ಲೆಕ್ಕ ಪರಿಶೋಧಕರ ಕಚೇರಿಗೆ ಬರುತ್ತಿದ್ದ. ಆ ಪೆನ್‌ಡ್ರೈವ್ ವೈರಸ್ಸನ್ನೂ ಹೊತ್ತು ತರುತ್ತಿದ್ದುದುಂಟು. ಅಂಗಡಿಯ ಪ್ರತಿಯಲ್ಲಿ ಒಂದು ತಿದ್ದುಪಡಿ, ಪರಿಶೋಧಕರ ಪ್ರತಿಯಲ್ಲಿ ಇನ್ನೊಂದು ತಿದ್ದುಪಡಿಯಾಗಿ ಎರಡೂ ತಾಳೆಯಾಗದೆ ದಿನಗಟ್ಟಲೆ ಹುಡುಕುವ ಪ್ರಸಂಗಗಳೂ ಅಪರೂಪವಾಗಿರಲಿಲ್ಲ. ಮಳೆಗಾಲದ ಒಂದು ಸಿಡಿಲಿಗೆ ಗಣಕಯಂತ್ರ ಸುಟ್ಟರೆ ಇಡೀ ವರ್ಷದ ಲೆಕ್ಕವೇ ಹೋಗುತ್ತಿತ್ತು.

ಕ್ಲೌಡ್ ವ್ಯವಸ್ಥೆ ಈ ತೊಂದರೆಗಳಲ್ಲಿ ಹಲವನ್ನು ನಿವಾರಿಸಿದೆ. ಲೆಕ್ಕದ ಪ್ರತಿ ಒಂದೇ ಇರುತ್ತದೆ. ಅಂಗಡಿಯ ಗುಮಾಸ್ತ, ಊರಿನಲ್ಲಿರುವ ಮಾಲೀಕ, ಪಟ್ಟಣದ ಲೆಕ್ಕ ಪರಿಶೋಧಕ ಮೂವರೂ ಅದೇ ಪ್ರತಿಯನ್ನು ಅದೇ ಗಳಿಗೆಯಲ್ಲಿ ನೋಡಬಹುದು. ತೆರಿಗೆ ದರ ಬದಲಾದರೆ ತಂತ್ರಾಂಶ ಒದಗಿಸುವವನು ತನ್ನ ಕೇಂದ್ರದಲ್ಲಿ ಒಮ್ಮೆ ತಿದ್ದಿದರೆ ಎಲ್ಲ ಬಳಕೆದಾರರಿಗೂ ಅದು ಅನ್ವಯವಾಗುತ್ತದೆ.

ಅರಿವಿಲ್ಲದೆಯೇ ಬಂದ ಬದಲಾವಣೆ

ಕ್ಲೌಡ್ ತಮಗೆ ಸಂಬಂಧಿಸಿದ್ದಲ್ಲ ಎಂದು ಭಾವಿಸುವ ವರ್ತಕರೂ ಇದೇ ತತ್ವದ ವ್ಯವಸ್ಥೆಗಳನ್ನು ಪ್ರತಿದಿನ ಬಳಸುತ್ತಿದ್ದಾರೆ. ಸರ್ಕಾರಿ ಜಾಲತಾಣಗಳೆಲ್ಲವೂ ಬಾಡಿಗೆಯ ಕ್ಲೌಡ್ ಅಲ್ಲವಾದರೂ, ಮಾಹಿತಿ ಅಂಗಡಿಯಿಂದ ದೂರದ ಕೇಂದ್ರದಲ್ಲಿ ದಾಖಲಾಗುತ್ತದೆ ಎಂಬ ಅಂಶ ಎರಡರಲ್ಲಿಯೂ ಸಮಾನ.

ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಿಂದ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದಿತು. ಆ ಕಾಲದಲ್ಲಿಯೇ ವಾಣಿಜ್ಯ ತೆರಿಗೆ ಇಲಾಖೆ ಸರಕು ಸಾಗಣೆಯ ವಿವರವನ್ನು ಮುಂಚಿತವಾಗಿ ಅಂತರಜಾಲದಲ್ಲಿ ದಾಖಲಿಸುವ ಇ-ಸುಗಮ್ ಪದ್ಧತಿಯನ್ನು ತಂದಿತು. 2014ರಲ್ಲಿ ರಾಜ್ಯ ಸರ್ಕಾರದ ಸಹಭಾಗಿತ್ವದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಸಂಸ್ಥೆಯ ಮೂಲಕ ಎಪಿಎಂಸಿಗಳಿಗೆ ಏಕೀಕೃತ ಮಾರುಕಟ್ಟೆ ವೇದಿಕೆ ಬಂದಿತು. ಚೀಟಿಯಲ್ಲಿ ದರ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದ ಟೆಂಡರ್ ಇ-ಟೆಂಡರ್ ಆಯಿತು. ರಾಶಿ, ಬೆಟ್ಟೆ, ಚಾಲಿಗಳ ಲಾಟ್ ಸಂಖ್ಯೆಗೆ ಖರೀದಿದಾರನು ಗಣಕಯಂತ್ರದಲ್ಲಿ ದರ ನಮೂದಿಸುತ್ತಾನೆ, ಹೆಚ್ಚಿನ ದರ ಯಾರದೆಂಬುದನ್ನು ತಂತ್ರಾಂಶವೇ ತೀರ್ಮಾನಿಸುತ್ತದೆ. ಆ ತಂತ್ರಾಂಶವನ್ನು ವರ್ತಕನು ಕೊಂಡಿಲ್ಲ, ಬಳಸುತ್ತಿದ್ದಾನೆ ಅಷ್ಟೆ.

2017ರ ಜುಲೈ 1ರಿಂದ ಜಿಎಸ್‌ಟಿ ಜಾರಿಯಾದ ಮೇಲೆ ಈ ಗತಿ ತೀವ್ರವಾಯಿತು. ರಾಜ್ಯದೊಳಗಿನ ಸಾಗಣೆಗೆ ಇ-ವೇ ಬಿಲ್ಲನ್ನು 2018ರ ಏಪ್ರಿಲ್ 1ರಿಂದ ಮೊದಲು ಜಾರಿಗೆ ತಂದ ರಾಜ್ಯ ಕರ್ನಾಟಕ. 50,000 ರೂಪಾಯಿ ಮೀರಿದ ಸರಕಿಗೆ ಇದು ಅಗತ್ಯ. ಇಂದಿನ ಧಾರಣೆಯಲ್ಲಿ ಕೆಲವೇ ಚೀಲ ಅಡಿಕೆ ಈ ಮಿತಿಯನ್ನು ಮುಟ್ಟುತ್ತದೆ. ಇ-ಇನ್‌ವಾಯ್ಸ್ ಪದ್ಧತಿ 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಂದ ಆರಂಭವಾಗಿ, ಹಂತಹಂತವಾಗಿ ಇಳಿದು, 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೂ ಅನ್ವಯವಾಯಿತು. 5 ಕೋಟಿ ಎಂದರೆ ದೊಡ್ಡ ಮೊತ್ತವೆಂದು ತೋರಬಹುದು. ಆದರೆ ಕ್ವಿಂಟಾಲಿಗೆ 50,000 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 1,000 ಕ್ವಿಂಟಾಲ್ ಅಡಿಕೆ ಮಾರುವ ಖರೀದಿದಾರನು ಈ ಮಿತಿಗೆ ಬಂದು ನಿಲ್ಲುತ್ತಾನೆ.

ಸಹಕಾರ ಕ್ಷೇತ್ರವೂ ಇದೇ ದಾರಿಯಲ್ಲಿದೆ. ದೇಶದ ಸುಮಾರು 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಕ್ಲೌಡ್ ಆಧಾರಿತ ಸಮಾನ ತಂತ್ರಾಂಶಕ್ಕೆ ತರುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು.

2025ರ ಜುಲೈನಲ್ಲಿ ನಡೆದ ಒಂದು ಬೆಳವಣಿಗೆ ಎಲ್ಲರ ನೆನಪಿನಲ್ಲಿರಬಹುದು. ಯುಪಿಐ ಮೂಲಕ ಬಂದ ಹಣದ ಮಾಹಿತಿಯ ಆಧಾರದ ಮೇಲೆ ರಾಜ್ಯದ ಅನೇಕ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸುಗಳು ಬಂದವು. ಸರಕು ಮಾರಾಟಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿಗಳ ನೋಂದಣಿ ಮಿತಿಯನ್ನು ವಹಿವಾಟು ದಾಟಿದೆಯೇ ಎಂಬುದು ಪ್ರಶ್ನೆಯಾಗಿತ್ತು. ಬಂದ ಹಣದಲ್ಲಿ ತೆರಿಗೆರಹಿತ ಸರಕಿನ ಮಾರಾಟವೆಷ್ಟು, ಕೈಸಾಲವೆಷ್ಟು, ಮನೆಯವರ ಹಣವೆಷ್ಟು ಎಂದು ಬಿಡಿಸಿ ತೋರಿಸಲು ಲೆಕ್ಕ ಬೇಕು. ಲೆಕ್ಕ ಇಟ್ಟವರಿಗೆ ಉತ್ತರ ಕೊಡುವುದು ಸುಲಭ, ಇಡದವರಿಗೆ ಕಷ್ಟ. ವ್ಯಾಪಾರದ ಮಾಹಿತಿ ಈಗಾಗಲೇ ಬ್ಯಾಂಕಿನ, ಇಲಾಖೆಯ, ಮಾರುಕಟ್ಟೆಯ ಕೇಂದ್ರಗಳಲ್ಲಿ ದಾಖಲಾಗಿರುವಾಗ ಅದಕ್ಕೆ ತಾಳೆಯಾಗುವ ಸ್ವಂತ ಲೆಕ್ಕವನ್ನು ಅಂದಂದೇ ಬರೆದಿಡುವುದು ಅನಿವಾರ್ಯವಾಗಿದೆ. ಕ್ಲೌಡ್ ತಂತ್ರಾಂಶದ ನಿಜವಾದ ಪ್ರಯೋಜನವಿರುವುದು ಈ ಅಂಶದಲ್ಲಿ.

ಕೊಳ್ಳುವುದೋ, ಬಾಡಿಗೆಯೋ?

ವೆಚ್ಚದ ಪ್ರಶ್ನೆಯನ್ನು ಒಂದು ಉದಾಹರಣೆಯಿಂದ ನೋಡಬಹುದು. ಇಲ್ಲಿಯ ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಹಿಡಿದವು, ಮಾರುಕಟ್ಟೆಯ ದರಗಳಲ್ಲ. ಜಿಎಸ್‌ಟಿಯನ್ನು ಸೇರಿಸಿಲ್ಲ.

ಒಂದು ಅಕ್ಕಿ ಗಿರಣಿ ಸರ್ವರ್, ಯುಪಿಎಸ್ ಮತ್ತು ತಂತ್ರಾಂಶಕ್ಕೆ 1,00,000 ರೂಪಾಯಿ ಹೂಡಿ, ವರ್ಷಕ್ಕೆ 8,000 ರೂಪಾಯಿಯನ್ನು ನಿರ್ವಹಣೆಗೆ ಕೊಡುತ್ತದೆ ಎನ್ನೋಣ. ಐದು ವರ್ಷಗಳ ಒಟ್ಟು ವೆಚ್ಚ 1,40,000 ರೂಪಾಯಿ. ಅದೇ ಕೆಲಸಕ್ಕೆ ಕ್ಲೌಡ್ ತಂತ್ರಾಂಶವನ್ನು ತಿಂಗಳಿಗೆ 2,000 ರೂಪಾಯಿಯಂತೆ ಪಡೆದರೆ ವರ್ಷಕ್ಕೆ 24,000, ಐದು ವರ್ಷಕ್ಕೆ 1,20,000 ರೂಪಾಯಿ. ಬಾಡಿಗೆಯೇ ಲಾಭವೆಂದು ತೋರುತ್ತದೆ. ಆದರೆ ಒದಗಿಸುವವನು ಪ್ರತಿವರ್ಷ ಶೇ. 10ರಂತೆ ದರ ಏರಿಸಿದರೆ ಐದು ವರ್ಷಗಳ ಮೊತ್ತ ಸುಮಾರು 1,46,500 ರೂಪಾಯಿಯಾಗಿ ಲೆಕ್ಕಾಚಾರ ತಿರುಗುಮುರುಗಾಗುತ್ತದೆ. ಆದುದರಿಂದ ಮೊದಲ ವರ್ಷದ ದರವನ್ನಷ್ಟೇ ನೋಡಿ ನಿರ್ಧರಿಸುವುದು ಸರಿಯಲ್ಲ. ನವೀಕರಣದ ದರವನ್ನು ಲಿಖಿತವಾಗಿ ಪಡೆಯಬೇಕು.

ಆದಾಯ ತೆರಿಗೆಯ ದೃಷ್ಟಿಯಿಂದಲೂ ವ್ಯತ್ಯಾಸವಿದೆ. ಕೊಂಡ ಗಣಕಯಂತ್ರ ಮತ್ತು ತಂತ್ರಾಂಶ ಬಂಡವಾಳ ಆಸ್ತಿಯಾಗುತ್ತದೆ. ಅದರ ಮೇಲೆ ಶೇ. 40ರಂತೆ ಇಳಿಕೆ ಮೌಲ್ಯದ ಸವಕಳಿ ದೊರೆಯುತ್ತದೆ. ಮೇಲಿನ ಉದಾಹರಣೆಯಲ್ಲಿ ಮೊದಲ ಮೂರು ವರ್ಷಗಳ ಸವಕಳಿ ಕ್ರಮವಾಗಿ 40,000, 24,000 ಮತ್ತು 14,400 ರೂಪಾಯಿ. ಕೊಂಡ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಆ ವರ್ಷಕ್ಕೆ ಅರ್ಧ ಮಾತ್ರ. ಚಂದಾ ಹಣವಾದರೋ ಸಾಮಾನ್ಯವಾಗಿ ಆಯಾ ವರ್ಷದ ಆದಾಯ ವೆಚ್ಚವಾಗಿ ಪೂರ್ತಿ ಕಳೆಯಲ್ಪಡುತ್ತದೆ.

ಚಂದಾ ಹಣದ ಮೇಲೆ ಶೇ. 18ರ ಜಿಎಸ್‌ಟಿ ಇರುತ್ತದೆ. ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತರಾದವರು ತೆರಿಗೆಯುಳ್ಳ ವಹಿವಾಟಿಗೆ ಸಂಬಂಧಿಸಿದಷ್ಟು ಮಟ್ಟಿಗೆ ಇದರ ಇನ್‌ಪುಟ್ ಕ್ರೆಡಿಟ್ ಪಡೆಯಬಹುದು. ಬಿಲ್ಲಿನಲ್ಲಿ ತಮ್ಮ ಜಿಎಸ್‌ಟಿ ಸಂಖ್ಯೆ ನಮೂದಾಗಿರುವಂತೆ ನೋಡಿಕೊಳ್ಳಬೇಕು. ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಈ ಕ್ರೆಡಿಟ್ ಇಲ್ಲ. ಅವರಿಗೆ ತೆರಿಗೆಯೂ ವೆಚ್ಚವೇ. ವಿದೇಶಿ ಸಂಸ್ಥೆಯಿಂದ ನೇರವಾಗಿ ಸೇವೆ ಪಡೆದಿದ್ದರೆ ನೋಂದಾಯಿತ ವರ್ತಕನೇ ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ತೆರಿಗೆ ಕಟ್ಟಬೇಕಾಗುತ್ತದೆ. ಕ್ರೆಡಿಟ್ ಕಾರ್ಡಿನಿಂದ ಸಣ್ಣ ಮೊತ್ತ ಕಟ್ಟಿ ಇದನ್ನು ಮರೆಯುವ ಸಂಭವ ಹೆಚ್ಚು.

ಹಂಗಾಮಿನ ವ್ಯಾಪಾರಕ್ಕೆ ಬಾಡಿಗೆಯ ಪದ್ಧತಿ ವಿಶೇಷವಾಗಿ ಒಗ್ಗುತ್ತದೆ. ಅಡಿಕೆಯ ಸುಗ್ಗಿಯಲ್ಲಿ ನಾಲ್ವರು ಕುಳಿತು ಬಿಲ್ ಮಾಡುವ ಮಂಡಿಗೆ ಮಳೆಗಾಲದಲ್ಲಿ ಇಬ್ಬರು ಸಾಕು. ತಿಂಗಳ ಲೆಕ್ಕದ ಚಂದಾ ಇದ್ದರೆ ಬಳಕೆದಾರರ ಸಂಖ್ಯೆಯನ್ನು ಇಳಿಸಿಕೊಳ್ಳಬಹುದು. ವಾರ್ಷಿಕ ಚಂದಾದಲ್ಲಿ ಈ ಅನುಕೂಲ ಇರಲಾರದು.

ಮಲೆನಾಡಿನ ಮಳೆ ಮತ್ತು ಸಂಪರ್ಕ

ಬೆಂಗಳೂರಿನಲ್ಲಿ ಕುಳಿತು ತಂತ್ರಾಂಶ ಮಾರುವವರು ಮರೆಯುವ ಸಂಗತಿ ಒಂದಿದೆ. ಆಗುಂಬೆ, ಹುಲಿಕಲ್ ಕಡೆಗಳಲ್ಲಿ ಮಳೆ ಹಿಡಿದರೆ ಮರ ಬಿದ್ದು ವಿದ್ಯುತ್ ಹೋಗುತ್ತದೆ, ಕೇಬಲ್ ಕಡಿಯುತ್ತದೆ, ಟವರಿನ ಬ್ಯಾಟರಿ ಮುಗಿದರೆ ಮೊಬೈಲ್ ಸಂಕೇತವೂ ನಿಲ್ಲುತ್ತದೆ. ಶರಾವತಿ ಹಿನ್ನೀರಿನ ಹಲವು ಗ್ರಾಮಗಳಲ್ಲಿ ಬೇಸಿಗೆಯಲ್ಲಿಯೂ ಸಂಪರ್ಕ ದುರ್ಬಲ. ಅಂತರಜಾಲವಿಲ್ಲದೆ ಒಂದು ಬಿಲ್ಲನ್ನೂ ಮಾಡಲಾಗದ ತಂತ್ರಾಂಶ ಇಂಥ ಕಡೆ ಗಿರಾಕಿಯ ಮುಂದೆ ವರ್ತಕನನ್ನು ಕೈಕಟ್ಟಿ ನಿಲ್ಲಿಸುತ್ತದೆ.

ಇದಕ್ಕೆ ಮಧ್ಯಮ ಮಾರ್ಗವೊಂದಿದೆ. ಕೆಲವು ತಂತ್ರಾಂಶಗಳು ಸಂಪರ್ಕವಿಲ್ಲದಾಗ ಅಂಗಡಿಯ ಯಂತ್ರದಲ್ಲಿಯೇ ಬಿಲ್ ಬರೆದುಕೊಂಡು, ಸಂಪರ್ಕ ಬಂದಾಗ ಕೇಂದ್ರಕ್ಕೆ ಕಳುಹಿಸುತ್ತವೆ. ಈ ಭಾಗಕ್ಕೆ ಅಂಥವೇ ಹೊಂದುತ್ತವೆ. ಇದರ ಜೊತೆಗೆ ಕೇಬಲ್ ಸಂಪರ್ಕ ಒಂದು ಸಂಸ್ಥೆಯದಾದರೆ ಮೊಬೈಲ್ ಸಂಪರ್ಕ ಇನ್ನೊಂದು ಸಂಸ್ಥೆಯದಿರುವುದು ಒಳಿತು. ಯುಪಿಎಸ್ ಗಣಕಯಂತ್ರಕ್ಕೆ ಮಾತ್ರವಲ್ಲದೆ ರೂಟರಿಗೂ ಬೇಕು. ಒಂದು ಮುದ್ರಿತ ಬಿಲ್ ಪುಸ್ತಕವನ್ನು ಬೇರೆ ಸರಣಿ ಸಂಖ್ಯೆಯೊಡನೆ ಮೇಜಿನಲ್ಲಿ ಇಟ್ಟಿರಬೇಕು. ಕೈಯಲ್ಲಿ ಬರೆದ ಬಿಲ್ಲುಗಳನ್ನು ಸಂಪರ್ಕ ಬಂದೊಡನೆ ತಂತ್ರಾಂಶಕ್ಕೆ ಏರಿಸಬೇಕು. ಇ-ಇನ್‌ವಾಯ್ಸ್ ವ್ಯಾಪ್ತಿಯಲ್ಲಿರುವವರಿಗೆ ಮಾತ್ರ ಈ ಪುಸ್ತಕ ಪರಿಹಾರವಾಗದು. ಅವರು ಸಂಪರ್ಕಕ್ಕೆ ಎರಡನೆಯ ದಾರಿಯನ್ನು ಖಚಿತಪಡಿಸಿಕೊಂಡಿರಲೇಬೇಕು.

ಐಟಿ ಕೆಲಸದ ಸ್ವರೂಪ

ಈ ಬದಲಾವಣೆಯಿಂದ ಗಣಕಯಂತ್ರದ ಕೆಲಸ ಮಾಡುವವರ ಬದುಕೂ ಬದಲಾಗಿದೆ. ಯಂತ್ರ ಜೋಡಿಸುವುದು, ಸಿ.ಡಿ. ಹಾಕುವುದು, ಸರ್ವರ್ ಕಾಯುವುದು ಮೊದಲಾದ ಕೆಲಸಗಳು ಕಡಿಮೆಯಾಗಿವೆ. ಹಳೆಯ ಲೆಕ್ಕವನ್ನು ಹೊಸ ತಂತ್ರಾಂಶಕ್ಕೆ ವರ್ಗಾಯಿಸುವುದು, ಅದನ್ನು ವ್ಯಾಪಾರಕ್ಕೆ ತಕ್ಕಂತೆ ಹೊಂದಿಸುವುದು, ಸಿಬ್ಬಂದಿಗೆ ತರಬೇತಿ ಕೊಡುವುದು ಮತ್ತು ಸುರಕ್ಷತೆ ನೋಡಿಕೊಳ್ಳುವ ಕೆಲಸಗಳು ಹೆಚ್ಚಿವೆ. ತಾಲ್ಲೂಕು ಕೇಂದ್ರದ ಕಂಪ್ಯೂಟರ್ ಅಂಗಡಿಯವನು ಯಂತ್ರದ ಮಾರಾಟವನ್ನೇ ನಂಬಿ ಕುಳಿತರೆ ಕಷ್ಟ. ಮಂಡಿಯ ವ್ಯವಹಾರ ಬಲ್ಲ ತರಬೇತುದಾರನಾದರೆ ಕೆಲಸಕ್ಕೆ ಕೊರತೆಯಿಲ್ಲ. ಬೆಟ್ಟೆಗೂ ಗೊರಬಲಿಗೂ ವ್ಯತ್ಯಾಸವೇನು, ಬೆಳೆಗಾರನಿಗೆ ಕೊಟ್ಟ ಮುಂಗಡವನ್ನು ಹೇಗೆ ಮುರಿದುಕೊಳ್ಳುತ್ತಾರೆ, ಹಮಾಲಿ ಮತ್ತು ಮಾರುಕಟ್ಟೆ ಶುಲ್ಕ ಎಲ್ಲಿ ಸೇರುತ್ತದೆ ಎಂಬುದು ದೂರದ ತಂತ್ರಾಂಶ ಸಂಸ್ಥೆಗೆ ತಿಳಿದಿರುವುದಿಲ್ಲ.

ಅದೇ ರೀತಿ ವಾಣಿಜ್ಯ ಪದವೀಧರರಾದ ಸ್ಥಳೀಯ ಯುವಜನರಿಗೂ ಅವಕಾಶ ತೆರೆದಿದೆ. ಲೆಕ್ಕವು ಅಂತರಜಾಲದಲ್ಲಿರುವುದರಿಂದ ರಿಪ್ಪನ್‌ಪೇಟೆಯಲ್ಲಿ ಕುಳಿತವರು ಹುಬ್ಬಳ್ಳಿಯ ಅಂಗಡಿಯ ಲೆಕ್ಕವನ್ನೂ ಬರೆಯಬಹುದು. 2020ರ ಕೋವಿಡ್ ಕಾಲದಲ್ಲಿ ಬೆಂಗಳೂರಿನ ತಂತ್ರಾಂಶ ಉದ್ಯೋಗಿಗಳು ಮಲೆನಾಡಿನ ತಮ್ಮ ಮನೆಗಳಿಂದಲೇ, ಕೆಲವರು ಸಂಕೇತ ಸಿಗುವ ಗುಡ್ಡದ ಮೇಲೆ ಕುಳಿತು ಕೆಲಸ ಮಾಡಿದ್ದು ಎಲ್ಲರಿಗೂ ತಿಳಿದದ್ದೇ. ತಮಿಳುನಾಡಿನಲ್ಲಿ ಜೋಹೋ ಸಂಸ್ಥೆ ತೆಂಕಾಸಿಯಂಥ ಗ್ರಾಮೀಣ ಪ್ರದೇಶದಲ್ಲಿ ಕಚೇರಿ ತೆರೆದು ಅಲ್ಲಿಂದಲೇ ಕ್ಲೌಡ್ ತಂತ್ರಾಂಶ ರೂಪಿಸುತ್ತಿದೆ. ಒಳ್ಳೆಯ ಸಂಪರ್ಕ ಮತ್ತು ತರಬೇತಿ ದೊರೆತರೆ ಈ ಮೂರು ತಾಲ್ಲೂಕುಗಳಲ್ಲಿಯೂ ಇಂಥ ಕೆಲಸ ಅಸಾಧ್ಯವಲ್ಲ.

ಕಾನೂನಿನ ಹೊಣೆ ಯಾರದು?

ತಂತ್ರಾಂಶ ಬಾಡಿಗೆಯದಾದರೂ ಲೆಕ್ಕ ಇಡುವ ಹೊಣೆ ವರ್ತಕನದೇ. ಜಿಎಸ್‌ಟಿ ಕಾಯ್ದೆಯಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ವಿದ್ಯುನ್ಮಾನ ರೂಪದಲ್ಲಿಟ್ಟವರು ಅಪಘಾತದಿಂದ ಅಥವಾ ಪ್ರಾಕೃತಿಕ ಕಾರಣದಿಂದ ನಾಶವಾದರೂ ಸಕಾಲದಲ್ಲಿ ಮರಳಿ ಪಡೆಯುವಂತೆ ಬ್ಯಾಕಪ್ ಇಟ್ಟಿರಬೇಕು. ಅಧಿಕಾರಿ ಕೇಳಿದಾಗ ದಾಖಲೆಯನ್ನೂ ಅದನ್ನು ತೆರೆಯುವ ಪಾಸ್‌ವರ್ಡನ್ನೂ ಒದಗಿಸಬೇಕು. ಚಂದಾ ನಿಲ್ಲಿಸಿದ್ದರಿಂದ ಹಳೆಯ ಲೆಕ್ಕ ತೆರೆಯುತ್ತಿಲ್ಲ ಎಂಬುದು ಸಮರ್ಥನೆಯಾಗದು.

ಪ್ರೈವೇಟ್ ಲಿಮಿಟೆಡ್ ಸೇರಿದಂತೆ ಎಲ್ಲ ಕಂಪನಿಗಳಿಗೆ ಇನ್ನೂ ಎರಡು ನಿಬಂಧನೆಗಳಿವೆ. 2022ರ ಆಗಸ್ಟ್‌ನಲ್ಲಿ ಆದ ತಿದ್ದುಪಡಿಯಂತೆ ವಿದ್ಯುನ್ಮಾನ ಲೆಕ್ಕದ ಬ್ಯಾಕಪ್ಪನ್ನು ಭಾರತದೊಳಗಿರುವ ಸರ್ವರಿನಲ್ಲಿ ಪ್ರತಿದಿನ ಇಡಬೇಕು. 2023ರ ಏಪ್ರಿಲ್ 1ರಿಂದ, ಯಾವ ನಮೂದನ್ನು ಯಾವಾಗ ತಿದ್ದಲಾಯಿತು ಎಂಬ ಜಾಡನ್ನು ಉಳಿಸುವ ತಂತ್ರಾಂಶವನ್ನೇ ಬಳಸಬೇಕು. ಏಕಮಾಲೀಕ ಮತ್ತು ಪಾಲುದಾರಿಕೆಯ ಸಂಸ್ಥೆಗಳಿಗೆ ಈ ಎರಡು ನಿಬಂಧನೆಗಳು ಅನ್ವಯವಾಗುವುದಿಲ್ಲವಾದರೂ ಅನುಸರಿಸುವುದು ಹಿತಕರ. ಗುಮಾಸ್ತ ಬದಲಾದಾಗ ಅದರ ಬೆಲೆ ತಿಳಿಯುತ್ತದೆ.

ಗಿರಾಕಿಗಳ ಹೆಸರು, ಮೊಬೈಲ್ ಸಂಖ್ಯೆಗಳಿಗೆ ಸಂಬಂಧಿಸಿದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಇದೇ. ಮಾಹಿತಿಯನ್ನು ಮತ್ತೊಬ್ಬರ ಮೂಲಕ ಸಂಸ್ಕರಿಸಿದರೂ ಅದನ್ನು ಸಂಗ್ರಹಿಸಿದವನೇ ಹೊಣೆಗಾರ.

ಅಪಾಯಗಳು

ದೊಡ್ಡ ಕೇಂದ್ರಗಳು ಅಂಗಡಿಯ ಗಣಕಯಂತ್ರಕ್ಕಿಂತ ಸುರಕ್ಷಿತ ಎಂಬುದು ಸಾಮಾನ್ಯವಾಗಿ ನಿಜ. ಆದರೆ ಅವು ನಿಂತಾಗ ಒಮ್ಮೆಗೇ ಬಹುಮಂದಿಗೆ ತೊಂದರೆಯಾಗುತ್ತದೆ. 2024ರ ಜುಲೈ ಕೊನೆಯಲ್ಲಿ ಸಹಕಾರಿ ಮತ್ತು ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ನೀಡುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ಸುಲಿಗೆಯ ಸೈಬರ್ ದಾಳಿ ನಡೆಯಿತು. ರಾಷ್ಟ್ರೀಯ ಪಾವತಿ ನಿಗಮ ಮುನ್ನೆಚ್ಚರಿಕೆಯಾಗಿ ಅದರ ಸಂಪರ್ಕವನ್ನು ಕಡಿದುದರಿಂದ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಯುಪಿಐ ಮತ್ತಿತರ ಪಾವತಿಗಳು ತಾತ್ಕಾಲಿಕವಾಗಿ ನಿಂತವು. ಆಗಸ್ಟ್ 1ರಂದು ಸಂಪರ್ಕ ಪುನಃ ಆರಂಭವಾಯಿತು.

ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ 2025ರ ಸೆಪ್ಟೆಂಬರ್ 26ರಂದು ಬೆಂಕಿ ಬಿದ್ದಾಗ ಸರ್ಕಾರಿ ನೌಕರರ ಕಡತಗಳಿದ್ದ 858 ಟೆರಾಬೈಟ್ ದತ್ತಾಂಶ ನಾಶವಾಯಿತು. ಬೇರೆಡೆ ಅದರ ಪ್ರತಿ ಇರಲಿಲ್ಲ. ಇದಕ್ಕೆ ವಿರುದ್ಧವಾಗಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಕ್ಲೌಡ್ ಖಾತೆ 2024ರ ಮೇ ತಿಂಗಳಲ್ಲಿ ಗೂಗಲ್ ಕಡೆಯ ತಪ್ಪಿನಿಂದ ಅಳಿಸಿಹೋದಾಗ, ಇನ್ನೊಂದು ಸಂಸ್ಥೆಯಲ್ಲಿ ಇಟ್ಟಿದ್ದ ಬ್ಯಾಕಪ್ ನೆರವಿಗೆ ಬಂದಿತು. ಎರಡರಿಂದಲೂ ತಿಳಿಯುವ ಪಾಠ ಒಂದೇ. ಎಷ್ಟೇ ದೊಡ್ಡವರ ಬಳಿ ಲೆಕ್ಕವಿದ್ದರೂ ಅದರ ಇನ್ನೊಂದು ಪ್ರತಿ ಬೇರೆ ಕಡೆ ಇರಬೇಕು.

ನಮ್ಮ ಕಡೆಯ ಅಂಗಡಿಗಳಲ್ಲಿ ಇದಕ್ಕಿಂತ ಸಾಮಾನ್ಯವಾದ ಅಪಾಯ ಪಾಸ್‌ವರ್ಡಿನದು. ಖಾತೆ ತೆರೆಯುವಾಗ ತಂತ್ರಾಂಶ ಮಾರುವವನ ಅಥವಾ ಗುಮಾಸ್ತನ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ಕೊಟ್ಟುಬಿಟ್ಟರೆ, ಒಟಿಪಿ ಅವರಿಗೇ ಹೋಗುತ್ತದೆ. ಅವರು ಬಿಟ್ಟುಹೋದ ದಿನ ಮಾಲೀಕನೇ ತನ್ನ ಲೆಕ್ಕದ ಹೊರಗೆ ನಿಲ್ಲಬೇಕಾಗುತ್ತದೆ.

ಒಪ್ಪಂದಕ್ಕೆ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಖಾತೆ ಯಾರ ಹೆಸರಿನಲ್ಲಿರುತ್ತದೆ? ಮುಖ್ಯ ಇಮೇಲ್ ಮತ್ತು ಮೊಬೈಲ್ ಸಂಖ್ಯೆ ಮಾಲೀಕನದೇ ಆಗಿರಬೇಕು.

2. ಲೆಕ್ಕವನ್ನು ಪೂರ್ತಿಯಾಗಿ, ಎಕ್ಸೆಲ್‌ನಂಥ ಸಾಮಾನ್ಯ ರೂಪದಲ್ಲಿ ಯಾವಾಗ ಬೇಕಾದರೂ ಇಳಿಸಿಕೊಳ್ಳಲು ಸಾಧ್ಯವೇ? ಮಾತಿಗೆ ಒಪ್ಪದೆ ಪ್ರಾಯೋಗಿಕ ಅವಧಿಯಲ್ಲಿಯೇ ಇಳಿಸಿ ನೋಡಬೇಕು.

3. ಚಂದಾ ನಿಲ್ಲಿಸಿದ ಮೇಲೆ ಹಳೆಯ ಲೆಕ್ಕ ಎಷ್ಟು ಕಾಲ ಲಭ್ಯ? ಆನಂತರ ಅದಕ್ಕೇನಾಗುತ್ತದೆ?

4. ದತ್ತಾಂಶ ಭಾರತದಲ್ಲಿಯೇ ಇರುತ್ತದೆಯೇ? ಬ್ಯಾಕಪ್ ಎಷ್ಟು ದಿನಕ್ಕೊಮ್ಮೆ, ಎಲ್ಲಿ?

5. ಸಂಪರ್ಕವಿಲ್ಲದಾಗ ಬಿಲ್ ಮಾಡಲು ಸಾಧ್ಯವೇ?

6. ಎರಡನೆಯ ಮತ್ತು ಮೂರನೆಯ ವರ್ಷದ ದರವೇನು? ಬಳಕೆದಾರ ಹೆಚ್ಚಿದರೆ ಎಷ್ಟು?

7. ಇ-ಇನ್‌ವಾಯ್ಸ್, ಇ-ವೇ ಬಿಲ್ ಸೌಲಭ್ಯ ಚಂದಾದಲ್ಲಿ ಸೇರಿದೆಯೇ, ಬೇರೆ ಶುಲ್ಕವಿದೆಯೇ?

8. ತೊಂದರೆಯಾದಾಗ ಕನ್ನಡದಲ್ಲಿ ಮಾತನಾಡಿ ನೆರವಾಗುವವರು ಇದ್ದಾರೆಯೇ?

ಹೊಸ ತಂತ್ರಾಂಶಕ್ಕೆ ಬದಲಾಗುವವರು ಆರ್ಥಿಕ ವರ್ಷದ ಆರಂಭವಾದ ಏಪ್ರಿಲ್ ತಿಂಗಳನ್ನು ಆರಿಸಿಕೊಳ್ಳುವುದು ಉತ್ತಮ. ಒಂದೆರಡು ತಿಂಗಳು ಹಳೆಯ ಮತ್ತು ಹೊಸ ಲೆಕ್ಕಗಳೆರಡನ್ನೂ ನಡೆಸಿ, ಎರಡರ ಶಿಲ್ಕು ತಾಳೆಯಾದ ಮೇಲೆಯೇ ಹಳೆಯದನ್ನು ನಿಲ್ಲಿಸಬೇಕು. ಅನಂತರವೂ ಪ್ರತಿ ತಿಂಗಳ ರಿಟರ್ನ್ ಸಲ್ಲಿಸಿದ ದಿನ ಲೆಕ್ಕದ ಒಂದು ಪ್ರತಿಯನ್ನು ಇಳಿಸಿ, ಅಂಗಡಿಯಿಂದ ಹೊರಗೆ ಭದ್ರವಾಗಿಡುವ ರೂಢಿ ಮಾಡಿಕೊಳ್ಳಬೇಕು.

ದಿನಕ್ಕೆ ನಾಲ್ಕಾರು ಬಿಲ್ ಮಾಡುವ ಸಣ್ಣ ಅಂಗಡಿಗೆ ಈಗಿರುವ ವ್ಯವಸ್ಥೆಯೇ ಸಾಕಾಗಬಹುದು. ಎರಡು ಊರಿನಲ್ಲಿ ಮಳಿಗೆಯುಳ್ಳವರು, ಇ-ಇನ್‌ವಾಯ್ಸ್ ಮಿತಿಯನ್ನು ಸಮೀಪಿಸುತ್ತಿರುವವರು, ಲೆಕ್ಕ ಬರೆಯುವವರು ಬೇರೆ ಊರಿನಲ್ಲಿರುವವರು ಬಾಡಿಗೆಯ ತಂತ್ರಾಂಶವನ್ನು ಪರಿಶೀಲಿಸುವುದು ಸೂಕ್ತ. ಯಂತ್ರವನ್ನು ಕಾಯುವ ಕೆಲಸವನ್ನು ಹಣ ಕೊಟ್ಟು ಇನ್ನೊಬ್ಬರಿಗೆ ಒಪ್ಪಿಸಬಹುದು. ಲೆಕ್ಕವನ್ನು ಕಾಯುವ ಕೆಲಸವನ್ನು ಒಪ್ಪಿಸಲು ಬರುವುದಿಲ್ಲ. ಕಿರ್ದಿ ಪುಸ್ತಕವನ್ನು ಬೀಗ ಹಾಕಿಟ್ಟು ಕೀಲಿಯನ್ನು ತಮ್ಮ ಬಳಿಯೇ ಇಟ್ಟುಕೊಳ್ಳುತ್ತಿದ್ದ ಹಿರಿಯರ ಎಚ್ಚರ ಇಂದಿನ ಪಾಸ್‌ವರ್ಡಿಗೂ ಅಷ್ಟೇ ಅನ್ವಯಿಸುತ್ತದೆ.